ಅಜ್ಜಿಯ ಕಣ್ಣು, ತಾತನ ಸ್ಟಿಯರಿಂಗ್

ತಿರುಗುವ ಮೊದಲು ಕಾರು ಟಿಕ್ ಟಿಕ್ ಎನ್ನುತ್ತದಲ್ಲ, ಆ ಸದ್ದು ಕೇಳಿದರೆ ಸಾಕು, ನನಗೆ ಕೆರೊಲಿನಾದ ಇಡೀ ಕರಾವಳಿ ನೆನಪಾಗುತ್ತದೆ. ನಮ್ಮ ತಾತ ಒಮ್ಮೆ ಹಾಕಿದ ಬ್ಲಿಂಕರನ್ನು ಆರಿಸಿದವರಲ್ಲ. ವಿಲ್ಮಿಂಗ್ಟನ್ನಿನಲ್ಲಿ ಹಾಕಿದ್ದು ಜಾರ್ಜ್‌ಟೌನ್ ಬಂದರೂ ಟಿಕ್ಕೆನ್ನುತ್ತಲೇ ಇತ್ತು. ಇವರು ಇನ್ನೇನು ಎಡಕ್ಕೆ ತಿರುಗಿ ಅಟ್ಲಾಂಟಿಕ್ ಸಮುದ್ರಕ್ಕೇ ಇಳಿಯುತ್ತಾರೆ ಎಂದು ಹಿಂದಿನ ಕಾರಿನವರು ಮೈಲಿಗಟ್ಟಲೆ ಕಾದಿರಬೇಕು.

ಈಗ ತಾತ ಇಲ್ಲ. ಗೈದರ್ಸ್‌ಬರ್ಗಿನ ಅವರ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಆ ಮನೆಯಲ್ಲಿ. ಅದರ ಗರಾಜಿನಲ್ಲಿ ಪೆಟ್ರೋಲು, ಹಳೆಯ ಪೇಪರು, ಅಜ್ಜಿ ಒಣಹಾಕಿದ ಸಂಡಿಗೆ, ಮೂರರ ವಾಸನೆಯೂ ಬೆರೆತಿರುತ್ತಿತ್ತು. ಮೈಸೂರಿನಿಂದ ಬಂದು ಸರ್ಕಾರಿ ಲ್ಯಾಬಿನಲ್ಲಿ ಜೀವಮಾನವೆಲ್ಲ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟ ತಾತ, ಆ ಗರಾಜಿನ ಸೂರಿನಿಂದ ದಾರ ಕಟ್ಟಿ ಟೆನಿಸ್ ಬಾಲೊಂದನ್ನು ಇಳಿಬಿಟ್ಟಿದ್ದರು. ಬಾಲು ಕಾರಿನ ಮುಂಗಾಜಿಗೆ ತಾಗಿದಾಗ ನಿಲ್ಲಿಸಬೇಕು, ಅದು ವಿಜ್ಞಾನ. ಆದರೂ ಅಜ್ಜಿ ಎದುರಿನ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ನಿಂತು "ಬನ್ನಿ, ಬನ್ನಿ, ಹ್ಞಾ, ಸಾಕು" ಎನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಜೋಡಿಯೊಂದು ಇದ್ದಿದ್ದರೆ, ವಿಜ್ಞಾನ ನಡೆಯುತ್ತಿದ್ದುದು ಯಾರಿಂದ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೋವಿಡ್ ಲಸಿಕೆ ಬಂದ ಬೇಸಿಗೆಯಲ್ಲಿ ನನಗೆ ಹನ್ನೆರಡು ವರ್ಷ. ರಜೆ ಮುಗಿದು, ದಕ್ಷಿಣಕ್ಕೆ ಎರಡು ದಿನದ ದಾರಿಯ ಅಲ್ಫರೆಟಾದ ನಮ್ಮ ಮನೆಗೆ ತಾತ ಅಜ್ಜಿಯೇ ನನ್ನನ್ನು ಕಾರಿನಲ್ಲಿ ಬಿಡುವುದೆಂದಾಯಿತು. ಹೊರಡುವ ಮುಂಚೆ ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು: "ತಾತ ಹೇಗೆ ಡ್ರೈವ್ ಮಾಡ್ತಾರೆ ಅಂತ ನೋಡ್ಕೊಂಡು ಹೇಳು. ಸರಿ ಇಲ್ಲ ಅಂದ್ರೆ ಕೀ ಇಸ್ಕೊಂಡ್‌ಬಿಡ್ತೀನಿ. ಇಲ್ಲೇ ನಮ್ ಜೊತೆ ಇರಲಿ." ಕೀ ಹೋದರೆ ಗೈದರ್ಸ್‌ಬರ್ಗಿನ ಮನೆಯೂ ಹೋದಂತೆ. ಕಾರಿಲ್ಲದೆ ಅಲ್ಲಿ ಹಾಲು ತರುವುದಕ್ಕೂ ಆಗುವುದಿಲ್ಲ. ಹೀಗೆ ನಾನು ಹಿಂದಿನ ಸೀಟಿನಲ್ಲಿ, ಚಕ್ಕುಲಿ ಡಬ್ಬಿಯ ಪಕ್ಕದಲ್ಲಿ, ಗೂಢಚಾರಿಣಿಯಾಗಿ ಕೂತೆ.

ತಾತ ಇಂಟರ್‌ಸ್ಟೇಟ್ ಹೆದ್ದಾರಿ ಬಿಟ್ಟು ಸಮುದ್ರದ ಬದಿಯ ಹಳೆಯ ಊರುಗಳ ದಾರಿ ಹಿಡಿದರು. ಹುಡುಗಿ ಸ್ವಲ್ಪ ಚರಿತ್ರೆ ತಿಳಿದುಕೊಳ್ಳಲಿ ಎಂಬುದು ಅವರು ಕೊಟ್ಟ ಕಾರಣ. ದೊಡ್ಡ ಟ್ರಕ್ಕುಗಳ ನಡುವೆ ನುಗ್ಗಲು ಅವರಿಗೆ ಧೈರ್ಯವಿರಲಿಲ್ಲ ಎಂಬುದು ನನಗೀಗ ಗೊತ್ತು. ನಾವು ಎಷ್ಟು ನಿಧಾನ ಹೋಗುತ್ತಿದ್ದೆವೆಂದರೆ ಪೆಲಿಕನ್ ಹಕ್ಕಿಯೊಂದು ನಮ್ಮನ್ನು ಓವರ್‌ಟೇಕ್ ಮಾಡಿ, ತಿರುಗಿ ಒಮ್ಮೆ ಮರುಕದಿಂದ ನೋಡಿತು. ಅಜ್ಜಿಯ ಬಾಯಿ ಮಾತ್ರ ಬಿಡುವಿಲ್ಲದೆ ಓಡುತ್ತಿತ್ತು. "ರೀ, ಮುಂದಿನ ಬಿಳೀ ಕಾರು ನೋಡಿ, ಪಾಪ, ಯಾಕೋ ನಿಂತ್‌ಬಿಟ್ಟಿದೆ." "ಸಿಗ್ನಲ್ ಎಷ್ಟು ಕೆಂಪಗಿದೆ, ದಾಸವಾಳದ ಥರ." "ರಸ್ತೆ ಬಲಗಡೆ ಹೊರಳಿದ ಕಡೆ ಎಂಥ ಚೆಂದದ ಮನೆ." ತಾತ ಪ್ರತಿಯೊಂದಕ್ಕೂ "ಹ್ಞೂಂ, ಕಾಣ್ಸುತ್ತೆ ನಂಗೆ" ಎನ್ನುತ್ತ ಬ್ರೇಕ್ ಒತ್ತುತ್ತಿದ್ದರು. ಅಜ್ಜಿಗೆ ದೇಶ ನೋಡುವ ಹುಚ್ಚು ಎಂದುಕೊಂಡಿದ್ದೆ. ಜಾರ್ಜ್‌ಟೌನ್ ಹತ್ತಿರ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಕಾರು ನಿಧಾನವಾಯಿತು. ಹಾಕಿಕೊಂಡಳು, ವೇಗ ಹೆಚ್ಚಿತು. ಮತ್ತೆ ಒರೆಸಿದಳು, ಮತ್ತೆ ನಿಧಾನ. ನಗು ಬಂತು. ಅರ್ಧ ನಕ್ಕಮೇಲೆ, ಅಜ್ಜಿ ನೋಡುತ್ತಿದ್ದುದು ತಾತನ ಪರವಾಗಿ ಎಂದು ಹೊಳೆಯಿತು. ಆ ರಾತ್ರಿ ಮೋಟೆಲಿನಲ್ಲಿದ್ದಾಗ ಅಮ್ಮ ಫೋನ್ ಮಾಡಿ ಕೇಳಿದ್ದಕ್ಕೆ "ಗ್ರೇಟ್, ಸೂಪರ್ ಸೇಫ್" ಎಂದೆ.

ಮರುದಿನ ಅಜ್ಜಿ, ಕಾರಿನಲ್ಲಿ ವಾಂತಿ ಬರುವಂತಾಯಿತೆಂದು, ನಿದ್ದೆ ಬರಿಸುವ ಮಾತ್ರೆ ನುಂಗಿದಳು. ಬ್ಯೂಫರ್ಟ್ ಊರು ತಲುಪುವಷ್ಟರಲ್ಲಿ ಅವಳ ತಲೆ ಕಿಟಕಿಗೆ ಒರಗಿತ್ತು. ತಾತ ಅವಳನ್ನು ಎಬ್ಬಿಸಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಪುಟ್ಟಿ, ಏನಾದ್ರೂ ಮಾತಾಡ್ತಾ ಇರು" ಎಂದರು. ದಡದ ಹಳೆಯ ಬಂಗಲೆಗಳನ್ನು ದಾಟಿ ದೀಪಸ್ತಂಭಕ್ಕೆ ಹೋಗುವ ಸೇತುವೆ ಹತ್ತಿದೆವು. ನಾನು ನನ್ನ ಮುರುಕು ಕನ್ನಡದಲ್ಲಿ ಮರ, ಮೋಡ, ದೋಣಿ ಎಂದು ಒದರುತ್ತಿದ್ದೆ. ಅಷ್ಟರಲ್ಲಿ ದೋಣಿಯೊಂದಕ್ಕೆ ದಾರಿ ಬಿಡಲು ಸೇತುವೆಯ ನಡುಭಾಗ ತೆರೆಯಲಿತ್ತು. ಗಂಟೆ ಹೊಡೆದುಕೊಂಡಿತು, ಕೆಂಪು ದೀಪದ ಅಡ್ಡಗಂಬ ನಮ್ಮೆದುರು ಇಳಿಯತೊಡಗಿತು. ಕಾರು ನಿಲ್ಲುವ ಸೂಚನೆಯೇ ಇಲ್ಲ. ಚೆಂದ, ದಾಸವಾಳ, ಯಾವ ಮಾತೂ ಬಾಯಿಗೆ ಬರಲಿಲ್ಲ. "ತಾತಾ, ಸ್ಟಾಪ್. ಯೂ ಕಾಂಟ್ ಸೀ. ಜಸ್ಟ್ ಸ್ಟಾಪ್."

ಕಾರು ನಿಂತಾಗ ಅಡ್ಡಗಂಬ ಬಾನೆಟ್ಟಿಗೆ ಒಂದು ಗೇಣಿನ ದೂರದಲ್ಲಿತ್ತು. ಅಜ್ಜಿ ಬೆಚ್ಚಿ ಎದ್ದಳು. ಎದುರಲ್ಲಿ ಹಾಯಿದೋಣಿಯೊಂದು ಯಾವ ಅವಸರವೂ ಇಲ್ಲದೆ ದಾಟಿಹೋಯಿತು. ತಾತ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಮೆಲ್ಲಗೆ, "ನಿಮ್ಮಜ್ಜಿ ಹೀಗೆ ಹೇಳ್ತಿರ್ಲಿಲ್ಲ" ಎಂದರು.

ಸೇತುವೆಯಾಚೆ, ಜೌಗುಹುಲ್ಲಿನ ಪಕ್ಕ ಕಾರು ನಿಲ್ಲಿಸಿ ಕೀ ತೆಗೆದರು. "ನಿಮ್ಮಮ್ಮಂಗೆ ಫೋನ್ ಮಾಡು, ಬಂದು ಕರ್ಕೊಂಡ್ ಹೋಗ್ಲಿ."

"ಏನೂ ಆಗ್ಲಿಲ್ವಲ್ರೀ," ಎಂದಳು ಅಜ್ಜಿ. "ನಾನಿನ್ಮೇಲೆ ಮಾತ್ರೆ ತಗೊಳ್ಳಲ್ಲ. ವಾಂತಿ ಆದ್ರೆ ಆಗ್ಲಿ."

"ಎಷ್ಟು ದಿನ ಅಂತ ಎಚ್ಚರವಾಗಿರ್ತೀಯ, ಸರೋಜ?"

ಅಪ್ಪ ಸಂಜೆಗೆ ಅಮ್ಮನನ್ನು ತಂದುಬಿಟ್ಟು ತನ್ನ ಕಾರಿನಲ್ಲಿ ವಾಪಸು ಹೊರಟ. ಗೈದರ್ಸ್‌ಬರ್ಗಿನ ಮನೆ ಮಾರಲು ಮತ್ತೊಂದು ಬೇಸಿಗೆ ಹಿಡಿಯಿತು ನಿಜ, ಆದರೆ ಅದು ಕೈಬಿಟ್ಟು ಹೋದದ್ದು ಆ ಸಂಜೆಯೇ. ಅಮ್ಮ ತಾತನ ಕಾರು ಓಡಿಸುತ್ತ ನೇರ ಇಂಟರ್‌ಸ್ಟೇಟ್ ಹಿಡಿದಳು. ಹಳೆಯ ಊರುಗಳೆಲ್ಲ ಬರೀ ಎಕ್ಸಿಟ್ ಬೋರ್ಡುಗಳಾಗಿ ಹಿಂದೆ ಸರಿದವು. ನಾನು ಮುಂದೆ ಕೂತಿದ್ದೆ. ತಾತ ಅಜ್ಜಿ, ಆ ಕಾರಿನಲ್ಲಿ ಮೊದಲ ಬಾರಿಗೆ ಹಿಂದಿನ ಸೀಟಿನಲ್ಲಿ, ಕೈ ಕಟ್ಟಿಕೊಂಡು ಕೂತಿದ್ದರು. ತುಂಬ ಹೊತ್ತಾದ ಮೇಲೆ ತಾತ ಕೇಳಿದರು, "ಏನೂ ಮಾತಾಡ್ತಿಲ್ವಲ್ಲೇ?"

"ಏನು ಹೇಳ್ಲಿ," ಎಂದಳು ಅಜ್ಜಿ. "ಗಾಡಿ ಓಡ್ಸೋಳಿಗೆ ಎಲ್ಲ ಕಾಣ್ಸುತ್ತಲ್ಲ."