ಒಗೆಯುವ ಕಲ್ಲಿನ ಮೇಲೆ ನನ್ನ ಸೇಡು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಹೊಳೆನರಸೀಪುರದ ನಮ್ಮ ಮನೆಯಲ್ಲಿ ಭಾನುವಾರದ ಬೆಳಗು ಯಾವಾಗಲೂ ಒಂದೇ ತರಹ ಶುರುವಾಗುತ್ತಿತ್ತು. ಅಮ್ಮ ಹಿತ್ತಲ ಒಲೆಗೆ ಒಣಗಿದ ತೆಂಗಿನಗರಿ ತುರುಕಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅಪ್ಪ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಹೊಗೆ, ಸೀಗೆಪುಡಿ, ಬಾರ್ ಸೋಪು, ಎಲ್ಲದರ ವಾಸನೆ ಒಟ್ಟಿಗೆ ಬರುತ್ತಿತ್ತು.

ಆ ದಿನ ಆಗಷ್ಟೇ ನಡೆಯಲು ಕಲಿತಿದ್ದ ತಮ್ಮ ಹೊಸ್ತಿಲಿಗೆ ಎಡವಿ ಬಿದ್ದ. ಅಮ್ಮ ಓಡಿಬಂದು ಅವನನ್ನು ಎತ್ತಿಕೊಂಡು, ಹೊಸ್ತಿಲಿಗೆ ಪಟಪಟನೆ ಹೊಡೆದಳು. "ನಮ್ಮ ಮಗೂನ ಬೀಳಿಸ್ತೀಯಾ? ತಗೋ! ಇನ್ನೂ ಬೇಕಾ? ತಗೋ!" ತಮ್ಮನ ಅಳು ನಿಂತಿತು. ಕೆನ್ನೆಯ ಮೇಲೆ ಕಣ್ಣೀರಿದ್ದ ಹಾಗೇ ಅವನು ಹೊಸ್ತಿಲನ್ನು ಗೆದ್ದವನಂತೆ ನೋಡಿದ.

ಸ್ವಲ್ಪ ಹೊತ್ತಿಗೆ ನಾನೂ ಬಿದ್ದೆ. ಕಾಲುಚೀಲ ನೆನೆಹಾಕಲು ಹಿತ್ತಲಿಗೆ ಓಡಿದವಳು ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು ಜಾರಿದೆ. ಬಾಯಿ ನೇರವಾಗಿ ಕಲ್ಲಿಗೆ ಬಡಿಯಿತು. ನಾಲಿಗೆಗೆ ರಕ್ತದ ಉಪ್ಪೂ ಸೋಪಿನ ಕಹಿಯೂ ಹತ್ತಿದವು. ಹೊಸದಾಗಿ ಹುಟ್ಟಿದ್ದ ಮುಂದಿನ ಹಲ್ಲಿನ ಒಂದು ಮೂಲೆ ಅಂಗೈಗೆ ಬಂತು, ಅಕ್ಕಿನುಚ್ಚಿನಷ್ಟು. ನಾನು ನಗುವಾಗಲೆಲ್ಲ ನೀವು ಬೆರಳಿಟ್ಟು ಕೇಳುತ್ತೀರಲ್ಲ, ಅದೇ ಮೂಲೆ.

ಅಮ್ಮ ಬಾಯಿ ತೊಳೆಸಿ, ತುಟಿಗೆ ಒದ್ದೆಬಟ್ಟೆ ಒತ್ತಿದಳು. ನಾನು ಕಾದೆ. ಅವಳು ಹೊಡೆಯಲಿಲ್ಲ.

"ಕಲ್ಲಿಗೆ ಹೊಡಿ," ಎಂದೆ.

"ಎರಡನೇ ಕ್ಲಾಸಿನ ಹುಡುಗಿ, ಕಲ್ಲಿಗೆ ಹೊಡೀಬೇಕಂತೆ! ಕಣ್ಣು ಬಿಟ್ಕೊಂಡು ಓಡಾಡೇ," ಎಂದು ಅಮ್ಮ ಅಪ್ಪನ ಅಂಗಿಗೆ ಸೋಪು ಹಚ್ಚಿ ಅದೇ ಕಲ್ಲಿನ ಮೇಲೆ ಕುಕ್ಕತೊಡಗಿದಳು. ಅವಳೂ ಅದರ ಪಕ್ಷ ಸೇರಿದಳು ಅನ್ನಿಸಿತು ನನಗೆ.

ಮರುದಿನ ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್ಮಸ್ ನಾಟಕ. ನಾನು ದೇವದೂತೆ. ಕನ್ನಡಿ ನೋಡಿದರೆ ಮೇಲ್ತುಟಿ ಹಲಸಿನ ತೊಳೆಯಂತೆ ಊದಿತ್ತು. ಅಕ್ಕ ಹಿಂದಿನಿಂದ ಇಣುಕಿ, "ದೇವದೂತೆ ಬೇಡ ಬಿಡೇ, ಪೂತನಿ ಪಾರ್ಟು ಕೇಳು," ಎಂದು ಕಿಸಕ್ಕನೆ ನಕ್ಕಳು. ಆಗ ನಿರ್ಧಾರ ಮಾಡಿದೆ. ಆ ಕಲ್ಲು ಇರಬಾರದು.

ಅಮ್ಮ ಬಟ್ಟೆ ಹರವಲು ಹೋದೊಡನೆ ಸುತ್ತಿಗೆ ತಂದು ಬಾರಿಸಿದೆ. ಸುತ್ತಿಗೆ ಚಿಮ್ಮಿ ನನ್ನ ಮಣಿಕಟ್ಟೇ ಜುಮ್ಮೆಂದಿತು. ಕಲ್ಲಿಗೆ ಏನೂ ಆಗಲಿಲ್ಲ.

"ಯಾರ ಮೇಲಮ್ಮಾ ಯುದ್ಧ?" ಅಪ್ಪ ಎದ್ದು ಬಂದರು.

"ಇದನ್ನ ಸಾಯಿಸ್ತೀನಿ."

"ಸರಿ. ಶತ್ರು ಯಾರು ಅಂತ ತಿಳ್ಕೊಂಡು ಸಾಯಿಸು." ಅಪ್ಪ ಸುತ್ತಿಗೆ ಇಸಿದುಕೊಂಡು, ನನ್ನ ಸ್ಲೇಟು ಬಳಪ ತರಿಸಿ, ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

ಸ್ಲೇಟು ಮೊದಲು ಬರೀ ಕೆಸರಾಗಿತ್ತಂತೆ. ಅದರ ಮೇಲೆ ಮಣ್ಣು ಬಿದ್ದು ಬಿದ್ದು ನೆಲದಾಳಕ್ಕೆ ಹೂತುಹೋಗಿ, ಅಲ್ಲಿನ ಭಾರಕ್ಕೂ ಶಾಖಕ್ಕೂ ಹಪ್ಪಳದಂಥ ಪದರದ ಕಲ್ಲಾಯಿತು. ಕಾನ್ವೆಂಟಿನ ಚಾಪೆಲ್ಲಿನ ಬಿಳಿ ಮೆಟ್ಟಿಲು ಮೊದಲು ಸುಣ್ಣಕಲ್ಲು, ಒಳಗೆ ಬೆಂದು ಅಮೃತಶಿಲೆಯಾಯಿತು. ಬಳಪದ ಕಲ್ಲಂತೂ ಭೂಮಿಯೊಳಗಿನ ಬಿಸಿನೀರೂ ಸೇರಿ ಎಷ್ಟು ಮೆತ್ತಗಾಯಿತೆಂದರೆ ಉಗುರಿನಿಂದ ಗೀರಬಹುದು. ನುಗ್ಗೇಹಳ್ಳಿ ದೇವಸ್ಥಾನದ ಗೋಡೆಯಲ್ಲಿ ಅಷ್ಟು ಸಣ್ಣ ಸಣ್ಣ ಸರ, ಬಳೆ ಕೆತ್ತಿದ್ದು ಅಂಥ ಕಲ್ಲಿನಲ್ಲೇ. ನಾನು ಬಿದ್ದದ್ದು ಅದರ ಮೇಲಾದರೂ ಆಗಬಾರದಿತ್ತೇ!

"ಹೀಗೆ ರೂಪ ಬದಲಾಯಿಸಿದ್ದಕ್ಕೆಲ್ಲ ರೂಪಾಂತರ ಶಿಲೆ ಅಂತಾರೆ. ನಿನ್ನ ಶತ್ರು ಅದರಲ್ಲಿ ಭಾರೀ ಗಟ್ಟಿಗ. ನೈಸ್ ಅಂತ ಹೆಸರು. ಕರಗೋದೊಂದು ಬಾಕಿ, ಅಷ್ಟು ಕಾದಿದಾನೆ. ಆ ಕಾವಿಗೆ, ಒತ್ತಡಕ್ಕೆ ಕರಿ ಕಣ ಒಂದು ಕಡೆ, ಬಿಳಿ ಕಣ ಒಂದು ಕಡೆ ಆಗಿ ಪಟ್ಟೆ ಬಂದಿದೆ."

ನನಗೆ ಪಟ್ಟೆ ಎಲ್ಲೂ ಕಾಣಲಿಲ್ಲ. ಹಸಿರುಗಪ್ಪು ಲೋಳೆ ಮಾತ್ರ ಕಂಡಿತು.

"ಇವನಿಗೆ ಸಾವೇ ಇಲ್ವಾ ಅಪ್ಪಾ?"

"ಸವೀತಾನೆ. ನೀರು, ಮರಳು ಉಜ್ಜಿ ಉಜ್ಜಿ ನಿಧಾನಕ್ಕೆ ಸವೀತಾನೆ."

ನಿಧಾನಕ್ಕೆ ಎಂಬುದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಸವೆಯುತ್ತಾನೆ, ಅಷ್ಟು ಸಾಕಾಗಿತ್ತು. ಊಟವಾದೊಡನೆ ಪಾತ್ರೆ ತಿಕ್ಕುವ ಹೊಳೆಮರಳು, ತೆಂಗಿನ ನಾರು, ಒಂದು ಇಟ್ಟಿಗೆಚೂರು ಹೊಂದಿಸಿಕೊಂಡು ಕೂತೆ. ಹಲ್ಲು ಕಚ್ಚಲು ಆಗುತ್ತಿರಲಿಲ್ಲ, ನೋವು. ಅದಕ್ಕೇ ಬೈದುಕೊಂಡು ಉಜ್ಜಿದೆ. "ಇದು ಹಲ್ಲಿಗೆ. ಇದು ತುಟಿಗೆ. ಇದು ನನ್ನ ರೆಕ್ಕೆಗೆ." ಅಮ್ಮ ರಟ್ಟಿನಲ್ಲಿ ಕತ್ತರಿಸಿ ಬೆಳ್ಳಿಕಾಗದ ಅಂಟಿಸಿದ್ದ ರೆಕ್ಕೆಗಳು ಒಳಗೆ ಗೂಟಕ್ಕೆ ನೇತಾಡುತ್ತಿದ್ದವು. ಮೂಲೆಮೂಲೆಗೂ ಮರಳು ತುರುಕಿ ಉಜ್ಜಿದೆ. ಬೆರಳ ತುದಿ ಕೆಂಪಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಇಟ್ಟಿಗೆಚೂರು ಪೂರಾ ಪುಡಿಯಾಗಿತ್ತು. ಕೊಡ ಕೊಡ ನೀರು ಸುರಿದು ನೋಡಿದೆ. ಕಲ್ಲು ಕೂದಲೆಳೆಯಷ್ಟೂ ಸವೆದಿರಲಿಲ್ಲ. ಅಪ್ಪ ಹೇಳಿದ ಕಪ್ಪು ಬಿಳಿ ಪಟ್ಟೆಗಳು ಅಲೆಯಲೆಯಾಗಿ, ಹೊಸ ಸೀರೆಯ ಹಾಗೆ ಹೊಳೆಯುತ್ತಿದ್ದವು. ಅತ್ತೇಬಿಟ್ಟೆ.

ಈಗ ನಿಮ್ಮ ಮನೆಯಲ್ಲಿ ಬಟ್ಟೆ ಮೆಷಿನ್ನಿನೊಳಗೆ ತಿರುಗುತ್ತದೆ. ಬರೆಯಲು ಸ್ಲೇಟಿಲ್ಲ, ಗಾಜಿನ ಮೇಲೆ ಬೆರಳಾಡಿಸುತ್ತೀರಿ. ಆದರೆ ನಿಮ್ಮ ಅಡುಗೆಮನೆಯ ಕಟ್ಟೆ ನೋಡಿ. ಅಂಗಡಿಯವರು ಗ್ರಾನೈಟು ಅಂತ ಕೊಟ್ಟರಂತೆ. ಆ ಪಟ್ಟೆ ಕಂಡೊಡನೆ ನಾನು ಗುರುತು ಹಿಡಿದೆ. ಅದೇ ಮನೆತನ! ಮೊನ್ನೆ ಪುಟ್ಟನ ಹಣೆ ಅದರ ಅಂಚಿಗೆ ಬಡಿದಾಗ ನಿಮ್ಮಮ್ಮ ಫ್ರಿಜ್ಜಿನಿಂದ ಐಸು ತಂದಳು, ಡಾಕ್ಟರಿಗೆ ಫೋನು ಮಾಡಿದಳು. ಕಲ್ಲಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ನೀವೆಲ್ಲ ಆಚೆ ಹೋದ ಮೇಲೆ ನಾನು ಒಳಗೆ ಹೋಗಿ ಎರಡು ಏಟು ಬಿಟ್ಟೆ. ಒಂದು ಪುಟ್ಟನ ಹಣೆಗೆ, ಒಂದು ನನ್ನ ಹಲ್ಲಿಗೆ. ಕೈ ಇನ್ನೂ ನೋಯುತ್ತಿದೆ.

ಆ ಭಾನುವಾರವೂ ಕೈ ಹೀಗೇ ನೋಯುತ್ತಿತ್ತು. ನಾನು ಬಾವಿಕಟ್ಟೆಗೆ ಒರಗಿ ಬಿಕ್ಕುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಹೆಪ್ಪಿಗೆ ಮಜ್ಜಿಗೆ ಕೇಳಲು ಹಿತ್ತಲ ಬಾಗಿಲಿನಿಂದ ಬಂದಳು. ಒಗೆಯುವ ಕಲ್ಲಿನ ಮೇಲೆ ಬರಿಗಾಲಿಟ್ಟು, ಹಿಮ್ಮಡಿ ತಿಕ್ಕಿ ನೋಡಿ, ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದಳು:

"ಪಾಚಿ ಒಂಚೂರೂ ಉಳ್ದಿಲ್ವಲ್ಲವ್ವಾ! ಇನ್ ಯಾರೂ ಜಾರಿ ಬೀಳಾಕಿಲ್ಲ ಬುಡು. ಈ ಕಲ್ಗೆ ಇಂಥ ಸೇವೆ ಮಾಡ್ದೋರು ಯಾರು? ನಾಳೀಕೆ ನಮ್ಮನೆ ಕಲ್ಗೂ ಒಸಿ ಕಳ್ಸು ಅವ್ರನ್ನ."