ಮೊನ್ನೆಯ ರಕ್ತ

ಹಲಗೂರು ಬಸ್ ನಿಲ್ದಾಣದ ಎದುರು ನಯಾಜ್ ಪಾಷಾ ಪಂಕ್ಚರ್ ಹಾಕುತ್ತಿದ್ದ. ಪಕ್ಕದಲ್ಲೇ ಹೆಂಡತಿ ಶಮೀಮ್ ಬಾನು ರವಿಕೆ ಹೊಲಿಯುತ್ತಿದ್ದಳು. ಇಪ್ಪತ್ತೆರಡು ವರ್ಷ ಸಂಸಾರ ಹಾಗೇ ಸಾಗಿತ್ತು. ಒಂದು ದಿನ ಅವನಿಗೆ ಒಂದೊಂದು ನಟ್ಟೂ ಎರಡೆರಡಾಗಿ ಕಾಣತೊಡಗಿತು. ತಲೆಬುರುಡೆಯ ತಳದಲ್ಲಿ ಗೆಡ್ಡೆ ಎಂದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂಗಿನ ದಾರಿಯಿಂದಲೇ ಅದನ್ನು ತೆಗೆದರು. ಮನೆಗೆ ಕಳಿಸುವಾಗ ಹೇಳಿದ್ದು ಒಂದೇ ಮಾತು: ಮೂಗಿನಿಂದ ಒಂದು ಹನಿ ರಕ್ತ ಬಂದರೂ ತಡಮಾಡದೆ ಬನ್ನಿ.

ಮನೆಗೆ ಬಂದ ಹನ್ನೆರಡನೆಯ ದಿನ ಮೂಗಿನಿಂದ ರಕ್ತ ಬಂತು. ಟವೆಲಿನ ಮೇಲೆ ಅಂಗೈಯಗಲದ ಕಲೆ. ಬೆಂಗಳೂರಿಗೆ ಹೊರಡೋಣವೆಂದು ಶಮೀಮ್ ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ನೆರೆಮನೆಯ ಶಿವನಂಜಮ್ಮ ಬಂದಳು.

"ಉಸ್ಣ ಕಣಮ್ಮ, ಇನ್ನೇನಿಲ್ಲ. ನನ್ ಮಗಂಗೂ ಬ್ಯಾಸ್ಗೇಲಿ ಬತ್ತದೆ. ರಾಗಿ ಅಂಬ್ಲಿಗೆ ಮಜ್ಗೆ ಉಯ್ದು ಕುಡ್ಸು, ನೆತ್ತಿಗೆ ತಣ್ಣೀರ್ ತಟ್ಟು." ಪಾಷಾನ ಕಡೆ ತಿರುಗಿ, "ಏನ್ ಪಾಷಣ್ಣ, ಊರ್ನೋರ್ಗೆಲ್ಲ ಪಂಚರ್ ಆಕ್ತೀಯ, ನಿನ್ ಮೂಗೇ ಪಂಚರ್ ಆಯ್ತಲ್ಲ!" ಎಂದಳು.

ಪಾಷಾ ನಕ್ಕ. ಆಪರೇಷನ್ ಆದಮೇಲೆ ನಕ್ಕಿದ್ದು ಅದೇ ಮೊದಲು. ಶಮೀಮ್ ಚಪ್ಪಲಿ ಬಿಟ್ಟು ಒಲೆ ಹಚ್ಚಿದಳು. ಅಂಬಲಿ ಕುಡಿದ. ರಕ್ತ ನಿಂತಿತು.

ಮೂರನೆಯ ದಿನ ಮಧ್ಯಾಹ್ನ ನಲ್ಲಿ ಬಿಟ್ಟಂತೆ ಸುರಿಯಿತು. ಆಂಬುಲೆನ್ಸ್ ಮಂಡ್ಯ ಮುಟ್ಟುವಷ್ಟರಲ್ಲಿ ರಕ್ತದಲ್ಲಿ ತೊಯ್ದ ಶಮೀಮಳ ಸೆರಗು ಒಣಗಿ ಬಿರುಸಾಗಿತ್ತು. ಅಳು ಬರಲಿಲ್ಲ. ಅಲ್ಲಿನ ಆಸ್ಪತ್ರೆಯ ಡಾಕ್ಟರ್ ಮೇಧಾ ಮೂಗಿಗೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿದರು.

"ಇದೇ ಮೊದಲಾ? ಹಾಗಿದ್ರೆ ಇವತ್ತೊಂದಿನ ಇಲ್ಲೇ ನೋಡೋಣ. ಮುಂಚೇನೂ ಬಂದಿದ್ರೆ ಮಿದುಳಿಗೆ ಹೋಗೋ ರಕ್ತನಾಳಾನೇ ಹರಿದಿರಬಹುದು, ಈಗ್ಲೇ ಬೆಂಗಳೂರಿಗೆ ಹೋಗ್ಬೇಕು."

ಮುಂಚೆ ಬಂದೇ ಇಲ್ಲವೆಂದು ಪಾಷಾ ತಲೆಯಾಡಿಸಿದ. ಮತ್ತೆ ಆ ಆಸ್ಪತ್ರೆಯೆಂದರೆ ಅವನಿಗೆ ಭಯ. ಶಮೀಮ್ ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಮೊನ್ನೇನೂ ಬಂದಿತ್ತು ಮೇಡಂ. ಉಷ್ಣ ಅಂತ ನಾನೇ ಅಂಬ್ಲಿ ಕುಡಿಸ್ದೆ."

ಬಸ್ಸಿನ ಹೊತ್ತು ಹೇಳುವಂತಿತ್ತು ಅವಳ ದನಿ. ಮೇಧಾ ಬೈಯಲಿಲ್ಲ, ಫೋನು ಎತ್ತಿಕೊಂಡರು.

ಬೆಂಗಳೂರಿನಲ್ಲಿ ನೋಡಿದಾಗ ನಾಳದ ಗೋಡೆ ಹರಿದು, ಬಲೂನಿನಂತೆ ಉಬ್ಬಿತ್ತು. ತೊಡೆಯಿಂದ ತಂತಿ ತೂರಿಸಿ ಆ ನಾಳವನ್ನೇ ಮುಚ್ಚಿದರು; ಮಿದುಳಿನ ಒಂದು ಭಾಗಕ್ಕೆ ರಕ್ತ ತಪ್ಪಿತು. ಜೀವ ಉಳಿಯಿತು. ಎಡಗೈಯ ಶಕ್ತಿ ಉಳಿಯಲಿಲ್ಲ.

ಈಗ ಲಿವರ್ ಎನ್ನುವ ಕಬ್ಬಿಣದ ಪಟ್ಟಿ ತೂರಿಸಿ ಟೈರು ಕಳಚುವವಳು ಶಮೀಮ್. ಅವನು ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಾನೆ. ಬೈಯುತ್ತಾನೆಂದು ಅವಳು ತಿಂಗಳುಗಟ್ಟಲೆ ಕಾದರೂ ಅವನು ಆ ಅಂಬಲಿಯ ಮಾತೆತ್ತಲಿಲ್ಲ.

"ಒಂದ್ಸಲ ಬೈದಾದ್ರೂ ಬುಡ್ರೀ," ಎಂದಳು ಒಂದು ದಿನ.

"ಡಾಕ್ಟ್ರಿಗೆ ಇಲ್ಲ ಅಂದೋನು ನಾನು. ಯಾವ್ ಬಾಯಲ್ಲಿ ಬೈಲಿ? ಲಿವರ್ ಕೆಳಕ್ಕೊತ್ತು."

ಶಮೀಮ್ ಒತ್ತಿದಳು.