ಅಟ್ಟೆ ನೋಡಿ ಆರಿಸಿದ ಕ್ಲಬ್ಬು

ನನ್ನ ತಮ್ಮನಿಗೆ ಜನರ ಮುಖ ನೆನಪಿರುವುದಿಲ್ಲ, ಅವರ ಶೂ ನೆನಪಿರುತ್ತದೆ. ಇಪ್ಪತ್ತಾರು ವರ್ಷದಿಂದ ಶೂ ರಿಪೇರಿ ಅಂಗಡಿ ಇಟ್ಟುಕೊಂಡವನು. ಗಿರಾಕಿ ಬಾಗಿಲಲ್ಲಿ ಬಂದು ನಿಂತರೆ ತಲೆ ಎತ್ತುವ ಮೊದಲೇ, "ಬಲಗಾಲಿಗೆ ಭಾರ ಹಾಕೋದು ಇನ್ನೂ ಬಿಟ್ಟಿಲ್ವಲ್ಲ ಸಾರ್" ಎನ್ನುತ್ತಾನೆ. ಶೂ ತಳದ ಅಟ್ಟೆ ಸವೆದ ರೀತಿ ನೋಡಿದರೆ ಸಾಕು, ಆಳು ಎಂಥವನೆಂದು ಹೇಳಿಬಿಡುತ್ತೇನೆ ಎನ್ನುವುದು ಅವನ ಹೆಮ್ಮೆ. ತುದಿ ಸವೆದಿದ್ದರೆ ಅವಸರದವನು, ಹಿಮ್ಮಡಿಯ ಹೊರಗಡೆ ಸವೆದಿದ್ದರೆ ಹಟಮಾರಿ. ಅವನ ಸ್ವಂತ ಶೂ ಹಿಮ್ಮಡಿಯ ಹೊರಗಡೆಯೇ ಸವೆದಿದೆ. ಅಕ್ಕನಾಗಿ ಹೇಳುತ್ತೇನೆ, ಅವನ ಶಾಸ್ತ್ರದಲ್ಲಿ ಅಷ್ಟು ಮಾತ್ರ ನಿಜ.

ಅವನ ಮಗಳಿಗೆ ಒಂಬತ್ತು ವರ್ಷ. ನಿಂತಲ್ಲಿ ನಿಲ್ಲದವಳು, ಅದಕ್ಕೇ ಮನೆಯಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಉಪ್ಪು ತಾ ಎಂದರೆ ಓಡಿ ತರುತ್ತಾಳೆ, ಮಲಗು ಎಂದರೆ ಓಡಿಹೋಗಿ ಮಲಗುತ್ತಾಳೆ. ಹಾಗೆಂದು ವೇಗ ಏನೂ ಇಲ್ಲ. ಆಮೆಯ ಜೊತೆ ಪಂದ್ಯ ಕಟ್ಟಿದರೆ ಆಮೆಗೂ ಗೆಲ್ಲುವ ಆಸೆ ಹುಟ್ಟೀತು. ಆದರೆ ಓಡುವುದೆಂದರೆ ಅವಳಿಗೆ ಪ್ರಾಣ.

ಅವಳ ಅಮ್ಮನಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ. ಇವರ ಜೊತೆಗೇ ಇರುವ ನನಗೆ ಲಾಂಡ್ರಿಯಲ್ಲಿ ಕೆಲಸ, ಮನೆ ಸೇರುವಾಗ ಆರೂವರೆ. ಮೂರೂವರೆಗೆ ಶಾಲೆ ಬಿಟ್ಟ ಹುಡುಗಿ ಅಂಗಡಿಗೆ ಬಂದು, ಎದುರಿನ ಓಣಿಯಲ್ಲಿ ಸಾಮಾನಿನ ವ್ಯಾನುಗಳ ನಡುವೆ ಓಡುತ್ತಿದ್ದಳು. ಒಂದು ದಿನ ವ್ಯಾನೊಂದು ಅವಳ ಬೆನ್ನಿನ ಚೀಲವನ್ನು ಸವರಿಕೊಂಡು ಹೋಯಿತು. ಓಡುವುದಾದರೆ ಮೈದಾನದಲ್ಲಿ ಓಡಲಿ, ಯಾವುದಾದರೂ ಓಟದ ಕ್ಲಬ್ಬಿಗೆ ಹಾಕೋಣ ಎಂದು ಆ ರಾತ್ರಿಯೇ ತೀರ್ಮಾನವಾಯಿತು.

ನಮ್ಮ ಕಡೆ ಅಂಥವು ಇದ್ದದ್ದು ಎರಡು. ಒಂದು ಕ್ರೀಡಾಂಗಣದ್ದು, ಕೊರಳಲ್ಲಿ ಸೀಟಿ ಹಾಕಿಕೊಂಡ ಮೇಷ್ಟ್ರು, ಗೋಡೆಯ ತುಂಬ ಗೆದ್ದ ಕಪ್ಪುಗಳು. ಇನ್ನೊಂದು ನೀರಿನ ಟ್ಯಾಂಕಿನ ಹಿಂದಿನ ಹುಲ್ಲು ಬಯಲಿನಲ್ಲಿ. ಹಗಲೆಲ್ಲ ನಮ್ಮ ಬೀದಿಗೆ ಕಾಗದ ಹಂಚುವ ಅಂಚೆಯಮ್ಮ ಸಂಜೆ ಅಲ್ಲಿ ಮಕ್ಕಳನ್ನು ಓಡಿಸುತ್ತಿದ್ದಳು. ತಮ್ಮ ಎರಡಕ್ಕೂ ಹೋದ. ಆದರೆ ಮೇಷ್ಟ್ರನ್ನಾಗಲಿ ಮಕ್ಕಳನ್ನಾಗಲಿ ಏನೂ ಕೇಳಲಿಲ್ಲ, ಶೂ ನೋಡಿ ಬಂದ.

"ಕ್ರೀಡಾಂಗಣದ ಮಕ್ಕಳ ಅಟ್ಟೆ ನೋಡ್ಬೇಕಿತ್ತು ಅಕ್ಕ, ತೇದು ತೇದು ಕಾಗದ ಆಗಿದೆ. ಅದು ಓಟ ಅಂದ್ರೆ!"

"ಮತ್ತೆ ಅಂಚೆಯಮ್ಮಂದು?"

"ಅದನ್ನ ಕೇಳ್ಬೇಡ. ನಾನು ಅಂಗಡಿ ಮುಚ್ಚಿ ಹೋಗೋ ಹೊತ್ತಿಗೆ ಎಲ್ಲ ಮುಗ್ಸಿ ಮನೆಗೆ ಹೊರಟಿದ್ವು. ಒಂದೊಂದು ಶೂನೂ ಈಗ ಡಬ್ಬದಿಂದ ತೆಗೆದ ಹಾಗಿದೆ. ಕೂರಿಸ್ಕೊಂಡು ಕತೆ ಹೇಳ್ತಾಳೋ ಏನೋ. ಮುಖದ ಮೇಲೇ ಹೇಳ್ಬಿಟ್ಟೆ, ನಿಮ್ಮ ಮಕ್ಕಳು ಓಡೋದೇ ಇಲ್ಲ ಅಂತ."

"ಅವಳೇನಂದ್ಲು?"

"ನಕ್ಕಳು. ಒಂದಿನ ಬೇಗ ಬಂದು ನೋಡಿ ಅಂದ್ಲು. ನೋಡೋಕೇನಿದೆ?"

"ಬುಗುರೀನ ಒಂದು ಮಾತು ಕೇಳಿದ್ಯಾ?"

"ಅವಳಿಗೇನು ಗೊತ್ತಾಗುತ್ತೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹತ್ತಿರ ನಾಲ್ಕನೆಯ ಕಾಲಿನ ಮಾತೆತ್ತಿ ಏನು ಪ್ರಯೋಜನ? ಹುಡುಗಿ ಕ್ರೀಡಾಂಗಣಕ್ಕೇ ಸೇರಿದಳು. ಅವನು ಮಗಳ ಶೂಗೆ ತಾನೇ ಹೊಸ ಅಟ್ಟೆ ಕತ್ತರಿಸಿ, ಅಂಟಿಸಿ, ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿದ. ಬಂದ ಗಿರಾಕಿಗಳಿಗೆಲ್ಲ, "ನಮ್ಮ ಹುಡುಗಿ ಈಗ ಕ್ರೀಡಾಂಗಣದಲ್ಲಿ ಓಡ್ತಾಳೆ" ಎಂದು ಹೇಳಿಕೊಂಡ. ಹಾಲಿನವರಿಗೂ ಹೇಳಿದ, ವಿದ್ಯುತ್ ಮೀಟರ್ ನೋಡಲು ಬಂದವರಿಗೂ ಹೇಳಿದ.

ದಿನಾ ಸಂಜೆ, "ಹೇಗಿತ್ತು?" ಎಂದರೆ ಹುಡುಗಿ, "ಚೆನ್ನಾಗಿತ್ತು" ಎನ್ನುತ್ತಿದ್ದಳು. ಮೂರು ವಾರ ಹೀಗೇ ನಡೆಯಿತು. ಆಮೇಲೊಂದು ದಿನ ಉಪ್ಪು ತಾ ಎಂದೆ. ನಡೆದುಕೊಂಡು ಹೋಗಿ ತಂದಳು. ಅವಳ ಅಮ್ಮ, "ದೊಡ್ಡೋಳಾಗ್ತಿದಾಳೆ, ಗಾಂಭೀರ್ಯ ಬಂತು" ಎಂದು ಖುಷಿಪಟ್ಟಳು. ನನಗೆ ಅದು ಗಾಂಭೀರ್ಯ ಅನ್ನಿಸಲಿಲ್ಲ.

ಶನಿವಾರ ಬಟ್ಟೆ ಒಗೆಯಲು ಕೂತೆ. ತಮ್ಮ ಅಟ್ಟೆ ಓದಿದರೆ ನಾನು ಬಟ್ಟೆ ಓದುತ್ತೇನೆ. ಹತ್ತೊಂಬತ್ತು ವರ್ಷ ಲಾಂಡ್ರಿಯಲ್ಲಿ ಸುಮ್ಮನೆ ಕಳೆದಿಲ್ಲ. ಬುಗುರಿಯ ಅಂಗಿಯಲ್ಲಿ ಬೆವರಿನ ವಾಸನೆಯೇ ಇಲ್ಲ. ಚಡ್ಡಿಯ ಮುಂಭಾಗ ಸ್ವಚ್ಛ, ಹಿಂಭಾಗ ಮಾತ್ರ ಕೆಂಪು ಮಣ್ಣು ಹಿಡಿದು ಎಷ್ಟು ಉಜ್ಜಿದರೂ ಬಿಡದು. ಓಡುವ ಮಗುವಿನ ಚಡ್ಡಿ ಹೀಗಿರುವುದಿಲ್ಲ. ಅವಳನ್ನು ಹತ್ತಿರ ಕರೆದೆ.

"ಅಲ್ಲಿ ಏನ್ ಮಾಡ್ತೀಯ ಮರಿ?"

"ಓಡ್ತೀನಿ ಅತ್ತೆ."

"ಎಷ್ಟು ಸುತ್ತು?"

"ಒಂದು."

"ಆಮೇಲೆ?"

"ಒಂದೊಂದು ಸುತ್ತಿಗೂ ಕೊನೇಲಿ ಬಂದೋರು ಕೂತ್ಕೋಬೇಕು. ಅದು ಅಲ್ಲಿನ ರೂಲು. ಮೊದಲನೇ ಸುತ್ತಿಗೆ ನಾನು ಕೂತ್ಕೋತೀನಿ. ಎಲ್ಲ ಮುಗಿದ್ಮೇಲೆ ಎದ್ದು ಬರ್ತೀನಿ."

"ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಅಪ್ಪ ಎಲ್ಲರ ಹತ್ರಾನೂ ಹೇಳ್ಕೊಂಡುಬಿಟ್ಟಿದಾರಲ್ಲ." ಬಕೆಟ್ಟಿನ ನೊರೆ ಕಲಕಿದಳು. "ಅಲ್ದೆ ನಂಗೆ ಓಡೋಕೆ ಬರಲ್ಲ ಅತ್ತೆ. ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು."

ನಡಿಗೆ ಕಲಿತ ದಿನದಿಂದ ಓಡುತ್ತಲೇ ಇದ್ದ ಮಗು ಇದು. ಮೂರೇ ವಾರದಲ್ಲಿ ಓಡಲು ಬರುವುದಿಲ್ಲ ಎಂದು ಕಲಿಸಿ ಕಳಿಸಿದ್ದರು.

ಒದ್ದೆ ಚಡ್ಡಿಯನ್ನು ಹಾಗೇ ಹಿಡಿದುಕೊಂಡು ಅಂಗಡಿಗೆ ಹೋದೆ. ಗಿರಾಕಿ ಇದ್ದರು, ಇರಲಿ. ಅದನ್ನು ಅವನ ಕಟ್ಟೆಯ ಮೇಲೆ ಹರಡಿ, "ತಗೋ, ಇದನ್ನ ಓದು" ಎಂದೆ. ಮಗು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಪಾಲಿಶ್ ಮಾಡಲೆಂದು ಅಂಗಡಿಗೆ ತಂದಿಟ್ಟುಕೊಂಡಿದ್ದ ಮಗಳ ಶೂ ಎತ್ತಿ ತಿರುಗಿಸಿದ. ಅಟ್ಟೆ ಅಂಟಿಸಿದ ದಿನ ಹೇಗಿತ್ತೋ ಹಾಗೇ ಇತ್ತು.

"ವಾರ ವಾರ ನೋಡ್ತಾನೇ ಇದ್ದೆ ಅಕ್ಕ," ಎಂದ. "ಸವೆದೇ ಇಲ್ಲ, ನನ್ನ ಕೈಕೆಲಸ ಅಂಥದ್ದು ಅಂದ್ಕೊಂಡಿದ್ದೆ."

ಬೈಯಬೇಕೆಂದು ಹೋದವಳು, "ಸೋಮವಾರ ಬೇಗ ಅಂಗಡಿ ಮುಚ್ಚು, ಅಂಚೆಯಮ್ಮನ ಹತ್ರ ಹೋಗೋಣ" ಎಂದೆ.

ಸೋಮವಾರ ಅವನು ಮೂರೂವರೆಗೇ ಅಂಗಡಿ ಮುಚ್ಚಿದ. ನಾನು ಅರ್ಧ ದಿನ ರಜೆ ಹಾಕಿದೆ. ಮೂವರೂ ಟ್ಯಾಂಕಿನ ಹಿಂದಿನ ಬಯಲಿಗೆ ಹೋದೆವು. ಬೇಲಿಯ ಉದ್ದಕ್ಕೂ ಶೂಗಳನ್ನು ಸಾಲಾಗಿ ಬಿಚ್ಚಿಟ್ಟಿದ್ದರು. ಹುಲ್ಲಿನ ಮೇಲೆ ಇಪ್ಪತ್ತು ಮಕ್ಕಳು ಬರಿಗಾಲಲ್ಲಿ, ಕೆಂಪೇರಿದ ಮುಖ ಹೊತ್ತು, ಸುತ್ತು ಹಾಕುತ್ತಿದ್ದರು. ತಮ್ಮ ಇಂಗು ತಿಂದ ಮಂಗನ ಹಾಗೆ ನಿಂತ. ಆಮೇಲೆ ಅಂಚೆಯಮ್ಮನ ಹತ್ತಿರ ಹೋಗಿ, "ಅವತ್ತು ನಾನು ಹಾಗೆ ಅನ್ನಬಾರದಿತ್ತಮ್ಮ, ತಪ್ಪಾಯ್ತು" ಎಂದ. ಅವಳು, "ಅದಿರ್ಲಿ ಬಿಡಿ, ಹುಡುಗಿ ಎಲ್ಲಿ?" ಎಂದಳು.

ಹುಡುಗಿ ಆಗಲೇ ಬೇಲಿ ಪಕ್ಕ ನೆಲದ ಮೇಲೆ ಕೂತಿದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ. ತಮ್ಮ ಅದನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ. ಆಮೇಲೆ ಅವಳ ಎದುರು ಮಂಡಿಯೂರಿ, "ನಾನೇ ತಪ್ಪು ಆರಿಸ್ದೆ ಮಗಳೇ. ನಿನ್ನ ಕೇಳ್ಬೇಕಿತ್ತು. ಈಗ ಕೇಳ್ತಿದೀನಿ. ಇಲ್ಲಿ ಬೇಡ ಅಂದ್ರೆ ಮನೆಗೆ ಹೋಗೋಣ" ಎಂದ.

ಅವಳು ಅಂಚೆಯಮ್ಮನ ಕಡೆ ತಿರುಗಿದಳು.

"ಇಲ್ಲೂ ಕೊನೇಲಿ ಬಂದೋರು ಕೂತ್ಕೋಬೇಕಾ?"

"ಇಲ್ಲಿ ಸುಸ್ತಾದೋರು ಕೂತ್ಕೋತಾರೆ," ಎಂದಳು ಅಂಚೆಯಮ್ಮ. "ನಿಂಗೆ ಸುಸ್ತಾದಾಗ ಬಂದು ಕೂತ್ಕೋ."

ಹುಡುಗಿ ಒಂದೊಂದಾಗಿ ಶೂ ಬಿಚ್ಚಿದಳು. ಮೊದಲನೆಯ ಸುತ್ತಿಗೇ ಎಲ್ಲರಿಗಿಂತ ಹಿಂದೆ ಬಿದ್ದಳು, ಎರಡನೆಯದಕ್ಕೆ ಇನ್ನೂ ಹಿಂದೆ. ನಮ್ಮ ಎದುರಿಗೆ ಬಂದಾಗಲೆಲ್ಲ ಒಮ್ಮೆ ಅಂಚೆಯಮ್ಮನ ಕಡೆ ನೋಡುತ್ತಿದ್ದಳು. ಅಂಚೆಯಮ್ಮ ಬೇರೆ ಮಗುವಿನ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ನಾಲ್ಕನೆಯ ಸುತ್ತಿನಿಂದ ಹುಡುಗಿ ನೋಡುವುದನ್ನು ಬಿಟ್ಟಳು.

ಒಬ್ಬೊಬ್ಬರಾಗಿ ಮಕ್ಕಳು ನಿಂತರು, ನೀರು ಕುಡಿದರು, ಶೂ ಹಾಕಿಕೊಂಡು ಹೊರಟರು. ಬಯಲಿನಲ್ಲಿ ಉಳಿದದ್ದು ಇವಳೊಬ್ಬಳೇ, ಅದೇ ಆಮೆಯ ಓಟ. ತಮ್ಮ ಅವಳ ಶೂ ಕೈಯಲ್ಲಿ ಹಿಡಿದು, "ಸಾಕು ಬಾರಮ್ಮ, ಎಲ್ಲರೂ ಹೋದ್ರು" ಎಂದು ಕೂಗಿದ.

"ನಂಗಿನ್ನೂ ಸುಸ್ತಾಗಿಲ್ಲ ಅಪ್ಪಾ!" ಎಂದು ಆ ತುದಿಯಿಂದ ದನಿ ಬಂತು.

ಅವನ ಕಣ್ಣು ತುಂಬಿತ್ತು. "ಆಯ್ತು, ಓಡು" ಎಂದು ಅಲ್ಲೇ ಹುಲ್ಲಿನ ಮೇಲೆ ಕೂತ. ನಾನೂ ಕೂತೆ.